ಚಕ್ರತೀರ್ಥದ ಸುಳಿಯೂ ಅತಿವಾಹಕದ ಸುಳಿಯೂ

ಹೋದ ವರ್ಷ ನಮ್ಮ ವಿಜ್ಞಾನ ಸಂಘದ ಸಭೆಯಲ್ಲಿ ನಾನು ಅತಿವಾಹಕಗಳ ವಿಷಯವಾಗಿ ಮಾತನಾಡಿದೆನಷ್ಟೆ. 1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ನೆಸರು ಪಾದರಸವನ್ನು ಸುಮಾರು 4.2 ಕೆಲ್ವಿನ್‌ವರೆಗೆ ತಣಿಸಿದಾಗ ಅದರ ವಿದ್ಯುತ್ ರೋಧ ಒಮ್ಮೆಲೇ ಮಾಯವಾದದ್ದನ್ನು ವರ್ಣಿಸಿ, "ಅತಿವಾಹಕದಲ್ಲಿ ರೋಧವೆಂಬುದೇ ಇಲ್ಲ" ಎಂದು ಮುಗಿಸಿದೆ. ಚಪ್ಪಾಳೆಯೂ ಬಿತ್ತು. ಆಗ ನಮ್ಮ ಭೌತಶಾಸ್ತ್ರದ ಅಧ್ಯಾಪಕರು ಎದ್ದು, "ಬಲವಾದ ಕಾಂತಕ್ಷೇತ್ರದಲ್ಲಿಟ್ಟರೂ ಇಲ್ಲವೇನಪ್ಪಾ?" ಎಂದರು. ನಾನು ಬೆಪ್ಪಾಗಿ ನಿಂತೆ. ಆ ಸಾಲವನ್ನು ಈಗ ತೀರಿಸಬೇಕಾಗಿದೆ.

ಉತ್ತರವನ್ನು ಗ್ರಂಥಾಲಯದಲ್ಲಿ ಓದಿದೆನಾದರೂ ಅದು ತಲೆಗೆ ಹತ್ತಿದ್ದು ಹಂಪೆಯಲ್ಲಿ. ಕೋದಂಡರಾಮ ದೇವಾಲಯದ ಮುಂದೆ, ತುಂಗಭದ್ರೆ ಬಂಡೆಗಳ ನಡುವೆ ತಿರುಗುವ ಚಕ್ರತೀರ್ಥದ ದಡದಲ್ಲಿ, ಹರಗೋಲಿಗಾಗಿ ಕಾಯುತ್ತ ಕುಳಿತಿದ್ದೆ. ಬಂಡೆಯ ಮಗ್ಗುಲಲ್ಲೊಂದು ಸುಳಿ ಕದಲದೆ ತಿರುಗುತ್ತಿತ್ತು. ನೀರು ಹರಿಯುತ್ತಿದ್ದರೂ ಅದು ಮಾತ್ರ ಬಂಡೆಗೆ ಕಟ್ಟಿಹಾಕಿದಂತೆ ನಿಂತಿತ್ತು. ನಮ್ಮೂರು ಕಂಪ್ಲಿ. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟು ಸೇತುವೆ ಮುಳುಗಿದಾಗ ಇಂಥ ಸುಳಿಗಳು ಕಲ್ಲಿನ ಹಂಗು ಬಿಟ್ಟು ತೇಲಿಹೋಗುವುದನ್ನು ಚಿಕ್ಕಂದಿನಿಂದಲೂ ಕಂಡಿದ್ದೇನೆ.

ಅತಿವಾಹಕದೊಳಗೂ ಸುಳಿಗಳುಂಟೆಂದು 1957ರಲ್ಲಿ ರಷ್ಯದ ಅಬ್ರಿಕೊಸೊವ್ ತೋರಿಸಿಕೊಟ್ಟರು. 2003ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಕೆಲವು ಅತಿವಾಹಕಗಳು ಕಾಂತಕ್ಷೇತ್ರವನ್ನು ಪೂರ್ತಿಯಾಗಿ ಹೊರಗಿಡಲಾರದೆ ಎಳೆಎಳೆಯಾಗಿ ಒಳಗೆ ಬಿಟ್ಟುಕೊಳ್ಳುತ್ತವೆ. ಪ್ರತಿ ಎಳೆಯ ಸುತ್ತ ವಿದ್ಯುತ್ತು ಗಿರ್ರನೆ ಸುತ್ತುತ್ತದೆ; ನಟ್ಟನಡುವಿನ ತಿರುಳು ಅತಿವಾಹಕವಾಗಿ ಉಳಿಯದೆ ಸಾಮಾನ್ಯ ಲೋಹದಂತಾಗುತ್ತದೆ. ಹೊಳೆಯ ಸುಳಿಗಳಲ್ಲಿ ದೊಡ್ಡದು ಚಿಕ್ಕದು ಉಂಟು; ಇಲ್ಲಿ ಪ್ರತಿ ಸುಳಿಯೂ ಹೊರುವ ಕಾಂತದ ಪಾಲು ಒಂದೇ. ಒಂದು ಟೆಸ್ಲಾ ಕ್ಷೇತ್ರದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 4,800 ಕೋಟಿ ಸುಳಿಗಳು!

ಇನ್ನು ಇದರಲ್ಲಿ ವಿದ್ಯುತ್ ಹರಿಸಿದರೆ ಪ್ರವಾಹವು ಸುಳಿಗಳನ್ನು ನೂಕುತ್ತದೆ. ಇಲ್ಲಿ ನನ್ನ ಹೊಳೆಯ ಹೋಲಿಕೆ ಕೈಕೊಡುತ್ತದೆಂಬುದನ್ನು ಒಪ್ಪಿಕೊಳ್ಳಬೇಕು: ಹೊಳೆ ಸುಳಿಯನ್ನು ತನ್ನ ಜೊತೆಗೇ ಒಯ್ಯುತ್ತದೆ, ವಿದ್ಯುತ್ ಪ್ರವಾಹವಾದರೋ ಅಡ್ಡಕ್ಕೆ ನೂಕುತ್ತದೆ. ಸುಳಿ ಕದಲಿತೆಂದರೆ ಶಕ್ತಿ ಶಾಖವಾಗಿ ಪೋಲಾಗುತ್ತದೆ, ಅಂದರೆ ರೋಧ ಹುಟ್ಟಿತು. ಅದು ಕದಲದಂತೆ ಹಿಡಿಯುವುದು ಹರಳಿನೊಳಗಿನ ಕುಂದುಗಳು, ಕಲ್ಮಷಗಳು. ಇವೇ ಅಲ್ಲಿಯ ಬಂಡೆಗಳು. ಲೋಹ ಪರಿಶುದ್ಧವಾದಷ್ಟೂ ಒಳ್ಳೆಯದೆಂದು ತಿಳಿದಿದ್ದ ನನಗೆ ಇದು ಬಹಳ ಸೋಜಿಗವೆನಿಸಿತು. ಪ್ರವಾಹ ಒಂದು ಮಿತಿಯನ್ನು ದಾಟಿದರೆ ಈ ಹಿಡಿತವೂ ತಪ್ಪುತ್ತದೆ.

1986ರಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್ ತಾಮ್ರದ ಆಕ್ಸೈಡುಗಳಲ್ಲಿ ಹೊಸ ಅತಿವಾಹಕವನ್ನು ಕಂಡರು. ಮರುವರ್ಷ ಇಟ್ರಿಯಂ, ಬೇರಿಯಂ, ತಾಮ್ರಗಳ ಆಕ್ಸೈಡು ಸುಮಾರು 92 ಕೆಲ್ವಿನ್‌ನಲ್ಲೇ ಅತಿವಾಹಕವಾಯಿತು. ಆ ವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾವ್ ಅವರ ತಂಡವೂ ಈ ವಸ್ತುವಿನ ಮೇಲೆ ಕೆಲಸ ಮಾಡಿ ಪ್ರಕಟಿಸಿತು. 77 ಕೆಲ್ವಿನ್‌ನ ದ್ರವ ಸಾರಜನಕವೇ ತಣಿಸಲು ಸಾಕಾದ್ದರಿಂದ, ತಂತಿಯಲ್ಲಿ ಕಾದು ಪೋಲಾಗುವ ವಿದ್ಯುತ್ತನ್ನು ಉಳಿಸಬಹುದೆಂಬ ಆಸೆ ಎಲ್ಲೆಡೆ ಚಿಗುರಿತು.

ಆ ಆಸೆಗೆ ಅಡ್ಡಬಂದದ್ದು ಸುಳಿಗಳೇ. ಸಂಡೂರಿನ ಗೆಳೆಯನೊಬ್ಬ ತಂದುಕೊಟ್ಟ ಪಟ್ಟೆಪಟ್ಟೆಯ ಕಬ್ಬಿಣದ ಕಲ್ಲು ನನ್ನ ಮೇಜಿನ ಮೇಲಿದೆ. ಅದಿರಿನದೊಂದು ಪದರ, ಬೆಣಚಿನದೊಂದು ಪದರ. ಈ ಹೊಸ ಅತಿವಾಹಕಗಳ ರಚನೆಯೂ ಹಾಗೆಯೇ ಪದರಪದರ. ಅತಿವಾಹಕತೆ ನೆಲೆಸಿರುವುದು ತಾಮ್ರ-ಆಮ್ಲಜನಕದ ಹಾಳೆಗಳಲ್ಲಿ. ಬಿಸ್ಮತ್ ಸೇರಿದ ಜಾತಿಯಲ್ಲಿ ಈ ಹಾಳೆಗಳ ನಡುವಣ ನಂಟು ಬಹು ಸಡಿಲ. ಆದಕಾರಣ ಸುಳಿಯು ಒಂದೇ ಅಖಂಡ ಎಳೆಯಾಗಿರದೆ, ಹಾಳೆಗೊಂದರಂತೆ ಬಿಲ್ಲೆಗಳಾಗಿ ಒಡೆಯುತ್ತದೆ. ಪಾಶ್ಚಾತ್ಯರು ತಮ್ಮ ತಿಂಡಿಯ ಹೆಸರಿಟ್ಟು ಇವನ್ನು ಪ್ಯಾನ್‌ಕೇಕ್ ಎಂದಿದ್ದಾರೆ. ನಮ್ಮ ಸೀಮೆಯವರು ರೊಟ್ಟಿಯ ಅಡಕಲನ್ನು ನೆನೆದರಾಯಿತು. ಅಡಕಲನ್ನು ಅಲುಗಿಸಿದರೆ ಒಂದೊಂದು ರೊಟ್ಟಿ ಒಂದೊಂದು ಕಡೆ ಜಾರುವಂತೆ, ಶಾಖದ ಅಲುಗಾಟಕ್ಕೆ ಈ ಬಿಲ್ಲೆಗಳೂ ಜಾರುತ್ತವೆ. ಶಾಖ ಏರಿದಂತೆ ಸುಳಿಗಳ ಅಚ್ಚುಕಟ್ಟಾದ ಜಾಲರಿ ಮಂಜುಗಡ್ಡೆಯಂತೆ ಕರಗಿ ದ್ರವವಾಗುವುದೂ ಉಂಟು. ಆಗ ವಸ್ತು ಇನ್ನೂ ಅತಿವಾಹಕವೇ, ಆದರೂ ರೋಧ ಕಾಣಿಸಿಕೊಳ್ಳುತ್ತದೆ. ನನ್ನ ಅಂದಿನ ಭಾಷಣದ ಕೊನೆಯ ವಾಕ್ಯ ಬಿದ್ದದ್ದು ಇಲ್ಲಿಯೇ.

ಇಟ್ರಿಯಂ ಜಾತಿಯಲ್ಲಿ ಪದರಗಳ ನಂಟು ಬಿಗಿಯಾದ್ದರಿಂದ ಅದು 77 ಕೆಲ್ವಿನ್‌ನಲ್ಲಿ ಹೆಚ್ಚಿನ ಕ್ಷೇತ್ರವನ್ನು ತಾಳಬಲ್ಲದು. ಅದರ ಪಟ್ಟಿಗಳನ್ನು ತಯಾರಿಸುವಾಗ ಬೇರೆ ವಸ್ತುವಿನ ಅತಿಸೂಕ್ಷ್ಮ ಕಣಗಳನ್ನು ಬೇಕೆಂದೇ ಸೇರಿಸುತ್ತಾರೆ. ಹೊಳೆಗೆ ಬಂಡೆ ತಂದು ಹಾಕಿದಂತೆ!

ಇಷ್ಟನ್ನು ಬರೆದು ಅಧ್ಯಾಪಕರಿಗೆ ತೋರಿಸಿದೆ. ಓದಿ ಕನ್ನಡಕ ತೆಗೆದು, "ಸರಿಯಪ್ಪಾ, ಕ್ಷೇತ್ರ ಪದರಗಳಿಗೆ ಲಂಬವಾಗಿದ್ದಾಗಿನ ಮಾತಾಯಿತು. ಸಮಾಂತರವಾಗಿದ್ದರೆ?" ಎಂದರು. ಈ ಸಲ ಬೆಪ್ಪಾಗಲಿಲ್ಲ. ಆಗ ಸುಳಿಗಳು ಹಾಳೆಗಳ ಸಂದಿಯಲ್ಲಿ ಮಲಗುತ್ತವೆ. ಹಾಳೆಯನ್ನು ದಾಟಿ ಹೋಗುವುದು ಅವಕ್ಕೆ ಕಷ್ಟ, ಸಂದಿಯಲ್ಲೇ ಜಾರುವುದು ಸುಲಭ. ಆದ್ದರಿಂದ ಒಂದೇ ಪಟ್ಟಿ ನಷ್ಟವಿಲ್ಲದೆ ಹೊರುವ ವಿದ್ಯುತ್ತು ಕ್ಷೇತ್ರದ ದಿಕ್ಕು ತಿರುಗಿದಂತೆಲ್ಲ ಬದಲಾಗುತ್ತದೆ ಎಂದೆ. ಅವರು ಕಾಗದಗಳನ್ನು ಮಡಿಸಿ, ವಾರ್ಷಿಕ ಸಂಚಿಕೆಯ ಸಂಪಾದಕರಿಗೆ ಕೊಡು ಎಂದರು.