ಗುಟ್ಟು ನಿಲ್ಲದ ಬಾಯಿ

ವಿಜಯಪುರದ ಗಾಂಧಿ ಚೌಕದ ಆಸುಪಾಸಿನ ಬ್ಯಾಂಕೊಂದರ ಕೌಂಟರಿನ ಹಿಂದೆಯೇ ನನ್ನ ನೌಕರಿಯ ಬಹುಭಾಗ ಕಳೆಯಿತು. ಮಾರ್ಕೆಟ್ಟಿನ ವ್ಯಾಪಾರಸ್ಥರು, ಪಿಂಚಣಿದಾರರು, ತಿಕೋಟಾ-ಬಬಲೇಶ್ವರದ ದ್ರಾಕ್ಷಿ ಬೆಳೆಗಾರರು, ಎಲ್ಲರೂ ಅದೇ ಸಾಲಿನಲ್ಲಿ ನಿಲ್ಲುವವರು. ಮೋಸ ಹೋದ ಮೇಲಿನ ಮುಖವನ್ನು ಪೊಲೀಸರು ನೋಡುತ್ತಾರೆ. ಹೋಗುವ ಮುಂಚಿನ ಮುಖ ಕಾಣುವುದು ನಮಗೆ ಮಾತ್ರ.

ಕಲಿತವರು ಮೋಸ ಹೋಗುವುದಿಲ್ಲ ಎಂದು ನಮ್ಮಲ್ಲಿ ಕೆಲವರ ವಾದ. ಆಸೆ ಇಲ್ಲದವರಿಗೆ ಯಾರೂ ಮೋಸ ಮಾಡಲಾರರು ಎಂದು ಉಳಿದವರದು. ಎರಡನೆಯ ಮಾತಿಗೆ ನಮ್ಮೂರಿನಲ್ಲೇ ದೊಡ್ಡ ಸಾಕ್ಷಿಯಿತ್ತು. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಜೇಬಿಲ್ಲದ ಅಂಗಿ ತೊಟ್ಟು ಬಾಳಿದವರು, 2018ರಲ್ಲಿ ಪದ್ಮಶ್ರೀ ಬಂದಾಗ ಬೇಡವೆಂದವರು. ಅವರಿಂದ ಯಾರು ಏನನ್ನು ಕದ್ದಾರು? ಆದರೆ ನಮಗೆಲ್ಲ ಜೇಬಿದೆ, ಅದರಲ್ಲಿ ಫೋನಿದೆ.

ಸದ್ಗುಣವನ್ನೇ ಗಾಳವಾಗಿ ಬಳಸುವವರೂ ಇದ್ದಾರೆ. ಬೆಂಗಳೂರಿನ ಐಎಂಎ ಹೂಡಿಕೆ ಕಂಪನಿ 2019ರ ಜೂನ್‌ನಲ್ಲಿ ಕುಸಿದಾಗ ಹಣ ಕಳೆದುಕೊಂಡ ಸಾವಿರಾರು ಮಂದಿಯಲ್ಲಿ ಬಡ್ಡಿ ತಿನ್ನುವುದು ಪಾಪವೆಂದು ಬ್ಯಾಂಕಿನಿಂದ ದೂರ ಉಳಿದವರು ಬಹಳ. ಧರ್ಮಕ್ಕೆ ಒಪ್ಪುವ ಲಾಭ ಎಂದು ಕಂಪನಿ ಹೇಳಿದ್ದನ್ನು ಅವರು ನಂಬಿದ್ದರು. ಅವರನ್ನು ದುರಾಸೆಯವರೆಂದು ಜರಿಯುವುದು ನನಗಾಗದು.

ಫೋನಿನಲ್ಲೇ ಬಂಧಿಸಿದ್ದೇವೆಂದು ಬೆದರಿಸಿ ಹಣ ಕೀಳುವ ಈಚಿನ ‘ಡಿಜಿಟಲ್ ಅರೆಸ್ಟ್’ನಲ್ಲಂತೂ ಆಸೆಯ ಮಾತೇ ಇಲ್ಲ, ಬರೀ ಅಂಜಿಕೆ. ಪ್ರಧಾನಿ 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಇಂಥದೊಂದು ಕರೆಯ ಮಾತುಕತೆಯನ್ನು ದೇಶಕ್ಕೆಲ್ಲ ಕೇಳಿಸಿದರು. ಆ ಕರೆ ಬಂದದ್ದು ನಮ್ಮ ವಿಜಯಪುರದವರಿಗೇ. ಪೊಲೀಸ್ ವೇಷ ತೊಟ್ಟವನು ಆಧಾರ್ ತೋರಿಸು ಎಂದು ಗದರಿಸುತ್ತಿದ್ದ. ಡಿಜಿಟಲ್ ಅರೆಸ್ಟ್ ಎಂಬುದು ಯಾವ ಕಾನೂನಿನಲ್ಲೂ ಇಲ್ಲ ಎಂದು ಅಂದೇ ಹೇಳಲಾಯಿತು. ಆದರೂ ಮರುವರ್ಷ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ ಮಹಿಳೆಯೊಬ್ಬರು ಹೀಗೇ 31 ಕೋಟಿಗೂ ಹೆಚ್ಚು ಕಳೆದುಕೊಂಡ ಸುದ್ದಿ ಬಂತು. ಇನ್ನೆಷ್ಟು ಕಲಿಯಬೇಕಿತ್ತು ಅವರು?

ನಮ್ಮ ಕೌಂಟರಿಗೂ ಒಬ್ಬರು ಬಂದರು. ನಿವೃತ್ತ ಪ್ರಾಧ್ಯಾಪಕರು, ಒಬ್ಬರ ನಯಾಪೈಸೆ ಮುಟ್ಟಿದವರಲ್ಲ. ಎಫ್‌.ಡಿ. ಮುರಿಸಿ ಆರ್‌ಟಿಜಿಎಸ್ ಮಾಡಬೇಕಿತ್ತು. ಫಾರ್ಮ್ ತುಂಬುವಾಗ ಕೈ ನಡುಗುತ್ತಿತ್ತು, ಅಂಗಿಯ ಜೇಬಿನಲ್ಲಿ ಫೋನಿನ ಕರೆ ಚಾಲೂ ಇತ್ತು. “ಯಾರಿಗೆ ಕಳಸಾಕತ್ತೀರಿ ಸರ್?” ಎಂದೆ. ಉತ್ತರವಿಲ್ಲ. ಮತ್ತೆ ಕೇಳಿದ್ದಕ್ಕೆ ಸಿಟ್ಟಿಗೆದ್ದರು. ಕಡೆಗೆ ಚೀಟಿಯ ಮೇಲೆ ಬರೆದು ಸರಿಸಿದರು: “ಸಿಬಿಐ ವಿಚಾರ. ಯಾರಿಗೂ ಹೇಳೂದಿಲ್ಲ ಅಂತ ಮಾತು ಕೊಟ್ಟೀನಿ.”

ಜೀವನವಿಡೀ ಕೊಟ್ಟ ಮಾತಿಗೆ ತಪ್ಪದ ಮನುಷ್ಯ ಕಳ್ಳನಿಗೆ ಕೊಟ್ಟ ಮಾತನ್ನೂ ಉಳಿಸಿಕೊಳ್ಳುತ್ತಿದ್ದರು. ಓದಿದ್ದೂ ನೆರವಾಗಲಿಲ್ಲ. ಕಾನೂನಿನ ಕಲಮುಗಳನ್ನು ಆ ಕಳ್ಳ ಅಷ್ಟು ಸ್ಪಷ್ಟ ಇಂಗ್ಲಿಷಿನಲ್ಲಿ ಹೇಳಿದ್ದನಂತೆ, ಇವರಿಗೆ ಎಲ್ಲವೂ ಅರ್ಥವಾಗಿತ್ತು. ಮ್ಯಾನೇಜರರು ಚಹಾ ತರಿಸಿ, ಸರ್ವರ್ ಡೌನ್ ಎಂದು ಸುಳ್ಳು ಹೇಳಿ ಹೊತ್ತು ಕಳೆದರು. ನಾನು ಅವರ ಮಗಳಿಗೆ ಫೋನ್ ಹಚ್ಚಿದೆ. ಹಣ ಒಮ್ಮೆ ಹೋದರೆ ಕಳ್ಳರು ಬಾಡಿಗೆಗೆ ಪಡೆದ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರಷ್ಟೇ ದಾರಿಯಲ್ಲಿ ತಡೆಯುವ ಆಸೆ.

ಅದೇ ದಿನಗಳಲ್ಲಿ ರೊಟ್ಟಿ ಮಾರುವ ಅಕ್ಕನೊಬ್ಬಳಿಗೂ ಅಂಥದೇ ಕರೆ ಬಂದಿತ್ತು. ಆಕೆ ಸಾಲಿನಲ್ಲಿ ನಿಂತೇ ಊರಿಗೆಲ್ಲ ಕೇಳುವಂತೆ ಶುರುಮಾಡಿದಳು: “ಏನ್ರೀ ಸಾಹೇಬ್ರ, ನನ್ನ ಹೆಸರಲೆ ಮುಂಬೈದಾಗ ಪಾರ್ಸಲ್ ಸಿಕ್ಕೈತಂತ! ನಾ ಸೊಲ್ಲಾಪುರ ದಾಟಿದಾಕೀನ ಅಲ್ಲ. ಯಾರಿಗೂ ಹೇಳಬ್ಯಾಡ ಅಂದಾನ, ಹೇಳಲಿಲ್ಲಂದ್ರ ನಂಗ ಊಟ ಸೇರೂದಿಲ್ರೀ.” ಸಾಲಿಗೆ ಸಾಲೇ ನಕ್ಕಿತು. ಆಕೆ ಸಹಿ ಹಾಕಲು ಕಲಿತದ್ದು ಈಚೆಗೆ. ಎಣಿಕೆಯಲ್ಲಿ ಆಕೆ ಕಟ್ಟುನಿಟ್ಟು ಎಂದೇನೂ ನಾನು ಹೇಳಲಾರೆ.

ಮೋಸಗಾರನ ಮೊದಲ ಕೆಲಸ ಮನುಷ್ಯನನ್ನು ಒಂಟಿ ಮಾಡುವುದು. ಓದಿದವರಿಗೆ ಕೇಳಲು ನಾಚಿಕೆ, ಮರ್ಯಾದಸ್ಥರಿಗೆ ಹೇಳಲು ಅಂಜಿಕೆ. ದ್ರಾಕ್ಷಿ ವ್ಯವಹಾರದಲ್ಲೂ ಇದನ್ನೇ ಕಂಡೆ. ಹೊರಗಿನ ವ್ಯಾಪಾರಿ ಮೊದಲ ಲೋಡಿಗೆ ರೊಕ್ಕ ಎಣಿಸಿ ಕೊಡುತ್ತಾನೆ. “ಈ ರೇಟು ನಿಮಗಷ್ಟೇ, ಬಾಜೂ ತ್ವಾಟದವ್ರಿಗೆ ಹೇಳಬ್ಯಾಡ್ರಿ” ಎನ್ನುತ್ತಾನೆ. ಮುಂದಿನ ಲೋಡು ಉದ್ರಿ, ಆಮೇಲೆ ಫೋನ್ ಬಂದ್. ಬಾಜೂ ತೋಟದವನಿಗೂ ಅದೇ ಮಾತು ಹೇಳಿರುತ್ತಾನೆ.

ಹಿಂದೆ ಹಣದ ವ್ಯವಹಾರ ಇಷ್ಟು ಗುಟ್ಟಿನದಾಗಿರಲಿಲ್ಲ. ವಚನ ಸಂಶೋಧಕ ಫ.ಗು. ಹಳಕಟ್ಟಿಯವರು 1912ರಲ್ಲಿ ಈ ಊರಿನಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಕಟ್ಟಿದರು. ಸಹಕಾರಿ ಸಂಘಗಳಲ್ಲಿ ಸಾಲಕ್ಕೆ ಜಾಮೀನುದಾರರು ಬೇಕು. ಸಣ್ಣ ಸಾಲಕ್ಕೂ ಇನ್ನೊಬ್ಬರ ಮುಂದೆ ಬಾಯಿಬಿಡಲೇಬೇಕು. ನಾವು ಅದನ್ನು ಕಿರಿಕಿರಿ ಎಂದೆವು. ಈಗ ಜನ್ಮದ ಗಳಿಕೆಯನ್ನು ಯಾರನ್ನೂ ಕೇಳದೆ ಬೆರಳ ತುದಿಯಲ್ಲಿ ಕಳಿಸಬಹುದು.

ಪ್ರಾಧ್ಯಾಪಕರು ಕೆಲವು ದಿನ ನನ್ನ ಕೌಂಟರಿಗೆ ಬರಲಿಲ್ಲ, ಪಾಸ್‌ಬುಕ್ಕನ್ನು ಬೇರೆಯವರ ಹತ್ತಿರ ತುಂಬಿಸಿಕೊಂಡರು. ಒಂದು ಮಧ್ಯಾಹ್ನ ಮಗಳ ಜೊತೆ ಬಂದು ಎಫ್‌.ಡಿ.ಗೆ ಆಕೆಯ ಹೆಸರನ್ನೂ ಸೇರಿಸಲು ಹೇಳಿದರು. ಇಬ್ಬರ ಸಹಿಯಿಲ್ಲದೆ ಮುರಿಸಲಾಗದ ಹಾಗೆ. ಫಾರ್ಮಿನಲ್ಲಿ ನನ್ನದೊಂದು ಕಾಗುಣಿತದ ತಪ್ಪನ್ನೂ ತಿದ್ದಿ ಹೋದರು.