ಹಳ್ಳಿಗೆ ಬಂದ ಛಾಯಾಗ್ರಾಹಕ

ಬೆಂಗಳೂರಿನಲ್ಲಿದ್ದಾಗ ಕೆ. ಆರ್. ಮಾರುಕಟ್ಟೆಯೇ ನನಗೆ ಛಾಯಾಚಿತ್ರಣದ ಪಾಠಶಾಲೆಯಾಗಿತ್ತು. ಕ್ಯಾಮೆರಾಕ್ಕೆ 200 ಮಿಲಿಮೀಟರಿನ ಮಸೂರವನ್ನು ಹಾಕಿ, ಹೂ ಮಾರುವವರನ್ನೂ ಮೂಟೆ ಹೊರುವವರನ್ನೂ ಅವರಿಗೆ ತಿಳಿಯದಂತೆ ದೂರದಿಂದಲೇ ಹಿಡಿಯುತ್ತಿದ್ದೆ. ಅವರನ್ನು ಮತ್ತೆ ಕಾಣುವ ಸಂಭವವಿರಲಿಲ್ಲ. ನನ್ನ ಚಿತ್ರವನ್ನು ಕಂಡು ಅವರು ಏನೆಂದಾರೆಂಬ ಯೋಚನೆಯೂ ಇರಲಿಲ್ಲ.

ಮನೆಯ ಕಾರಣದಿಂದ ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಗೆ ಬಂದು ನೆಲೆಸಿದ ಮೇಲೂ ಮೊದಮೊದಲು ಇದೇ ಪದ್ಧತಿಯನ್ನು ಅನುಸರಿಸಿದೆ. ಮೂರನೆಯ ದಿನವೇ ಅಂಗಡಿಯ ಮುಂದೆ ಹಿರಿಯರೊಬ್ಬರು, “ಏನಪ್ಪಾ, ಮೊನ್ನೆ ಬದುವಿನ ಮರೇಲಿ ನಿಂತು ಹಿಡಿದ್ಯಲ್ಲ, ಎಲ್ಲಿ ನನ್ ಪಟ?” ಎಂದು ಕೇಳಿದರು. ನಗರದಲ್ಲಿ ನನ್ನನ್ನು ಯಾರೂ ಕೇಳದಿದ್ದ ಪ್ರಶ್ನೆ.

ಅಂದಿನಿಂದ 50 ಮಿಲಿಮೀಟರಿನ ಮಸೂರಕ್ಕೆ ಇಳಿದೆ. ಇದರಲ್ಲಿ ಮುಖ ತುಂಬಿ ಬರಬೇಕಾದರೆ ನಾಲ್ಕು ಮಾರು ದೂರದಲ್ಲಿ ನಿಂತರಾಗದು. ಮಾತನಾಡುವಷ್ಟು ಹತ್ತಿರ ಹೋಗಲೇಬೇಕು. ಬೆಳಕಿನ ವಿಚಾರವೂ ಹಾಗೆಯೇ. ನಡುಹಗಲ ಬಿಸಿಲಿನಲ್ಲಿ ಕಣ್ಣುಗಳು ಗುಳಿಯಾಗಿ ಕಾಣುತ್ತವೆ. ಜಗಲಿಯ ಅಂಚಿನ ನೆರಳಲ್ಲಿ ಕೂರಿಸಿದರೆ ಅಂಗಳದಿಂದ ಪುಟಿದ ಬೆಳಕು ಮುಖವನ್ನು ಮೃದುವಾಗಿ ತುಂಬುತ್ತದೆ. ಆದರೆ ಬಿಸಿಲಿನಲ್ಲಿ ಸೆಕೆಂಡಿನ 1/250 ಭಾಗ ಸಾಕಾಗುವ ಕಡೆ ಇಲ್ಲಿ 1/30 ಬೇಕಾದೀತು. ಅಷ್ಟು ಹೊತ್ತು ಅಲುಗದೆ ಕೂರುವಂತೆ ಹೇಳಬೇಕಾದರೆ ಪರಿಚಯವಿರಬೇಕಷ್ಟೆ!

ಒಂದೆಡೆ ನೆಲೆಸಿದವನಿಗೆ ಕಾಯುವ ಅನುಕೂಲವುಂಟು. ಪೂರ್ಣಚಂದ್ರ ತೇಜಸ್ವಿಯವರು (1938–2007) ಮೈಸೂರನ್ನು ಬಿಟ್ಟು ಮೂಡಿಗೆರೆಯ ಸೀಮೆಯಲ್ಲಿ ತೋಟ ಮಾಡಿಕೊಂಡು ನಿಂತರು. ಅಲ್ಲಿನ ಹಕ್ಕಿಗಳು ಅವರ ಕ್ಯಾಮೆರಾಕ್ಕೆ ವಸ್ತುವಾದವು. ಮನೆಯ ಮಗ್ಗುಲಲ್ಲೇ ಹಕ್ಕಿಯಿದ್ದರೆ ಇಂದು ತಪ್ಪಿದ್ದನ್ನು ನಾಳೆ ನೋಡಬಹುದು. ಪ್ರವಾಸ ಬಂದವನಿಗೆ ಆ ನಾಳೆ ಎಲ್ಲಿಯದು?

ಇಷ್ಟನ್ನು ಕಲಿತೆನೆಂದು ಬೀಗುತ್ತಿದ್ದಾಗಲೇ ಒಂದು ತಪ್ಪು ಮಾಡಿದೆ. ನಮ್ಮ ಬೀದಿಯ ಅಜ್ಜಿಯೊಬ್ಬರು ರಾಗಿ ಕೇರುವಾಗ ಎರಡು ದಿನ ಕುಳಿತು ನಲವತ್ತಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದೆ. ಮೊರ, ಬಳೆ, ಸುಕ್ಕುಗಟ್ಟಿದ ಬೆರಳು, ಬಿಸಿಲಿಗೆ ಹೊಳೆವ ಹೊಟ್ಟು. ಮಿತ್ರರು ಬಹಳ ಮೆಚ್ಚಿದರು. “ನಂದೊಂದು ನೆಟ್ಟಗೆ ತೆಗಿಯೋ ಮಗ” ಎಂದು ಅಜ್ಜಿ ಹೇಳಿದ್ದುಂಟು. ಇನ್ನೊಂದು ದಿನ ಎಂದಿದ್ದೆ. ಆ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮೊಮ್ಮಗ ಬಂದು, “ಅಣ್ಣಾ, ಅಜ್ಜೀದು ಸುಮಾರು ತೆಗೆದಿದ್ರಲ್ಲ, ತಿಥಿಗೆ ಒಂದು ಪಟ ಕೊಡಿ” ಎಂದ. ಹುಡುಕಿದೆ. ಒಂದರಲ್ಲಿಯೂ ಮುಖವಿರಲಿಲ್ಲ; ಇದ್ದೆಡೆ ಸೆರಗು ಅಡ್ಡವಾಗಿತ್ತು. ಕೈಗಳಿಗೆ ಹಾರ ಹಾಕಲಾಗುತ್ತದೆಯೆ? ಕೊನೆಗೆ ಆಧಾರ್ ಚೀಟಿಯ ಪುಟ್ಟ ಚಿತ್ರವನ್ನೇ ಹಿಗ್ಗಿಸಿ ಕಟ್ಟು ಹಾಕಿಸಿದರು. ಕಣ್ಣು ಮೂಗು ಮಸಕು. ಆ ಮನೆಗೆ ಹೋದಾಗಲೆಲ್ಲ ನಾನು ಆ ಗೋಡೆಯ ಕಡೆಗೆ ಬೆನ್ನು ಮಾಡಿ ಕೂರುತ್ತೇನೆ.

ಎಲ್ಲರ ಕೈಯಲ್ಲೂ ಮೊಬೈಲಿರುವಾಗ ಪಟಕ್ಕೇನು ಬರವೆಂದು ಕಾಲೇಜಿನ ಮಿತ್ರರು ಕೇಳಬಹುದು. ಮೊಬೈಲು ಕೆಟ್ಟಾಗ ಅದರೊಡನೆ ಚಿತ್ರಗಳೂ ಹೋದ ಮನೆಗಳು ನಮ್ಮ ಬೀದಿಯಲ್ಲೇ ಇವೆ.

ಈಗ ಮೊದಲ ಚಿತ್ರ ಅವರು ಕೇಳಿದ್ದು: ಒಗೆದ ಬಟ್ಟೆ, ನೆಟ್ಟಗೆ ನಿಲುವು, ನೇರ ನೋಟ. ಅದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಕೈಗೆ ಕೊಟ್ಟ ಮೇಲೆ ನನ್ನ ಇಷ್ಟದ್ದು. ಮೊನ್ನೆ ಒಬ್ಬ ರೈತರು ಜೋಡಿ ಎತ್ತುಗಳ ಮೈತೊಳೆದು ತಂದು ನಿಲ್ಲಿಸಿ, ಎರಡರ ಮುಖವೂ ಬರಲೇಬೇಕೆಂದರು. ಬಲಗಡೆಯದು ಮುಕ್ಕಾಲು ಗಂಟೆ ಮುಖ ಕೊಡಲಿಲ್ಲ. ಕಾದೆ.