ಅಳತೆಯನ್ನು ಮೊದಲೇ ನಿಶ್ಚಯಿಸಿಕೊಳ್ಳುವ ಬಗೆ: ತಾಳಮಲೆಯ ಕಿರಿಯರಿಗೊಂದು ಪತ್ರ



ಬದುಕನ್ನು ಸರಳಗೊಳಿಸಿಕೊಳ್ಳಬೇಕೆಂಬ ಮಾತು ಈಚೆಗೆ ಪೇಟೆಗಳಲ್ಲಿ ಹೆಚ್ಚಾಗಿ ಕೇಳಿಬರುತ್ತಿದ್ದು, ಬೀರುವಿನಲ್ಲಿ ತುಂಬಿದ ಬಟ್ಟೆಬರೆಯನ್ನೋ ಬಳಸದ ಪಾತ್ರೆಪಗಡೆಯನ್ನೋ ಹೊರಗೆ ಹಾಕಿದರೆ ಅದು ಕೈಗೂಡಿತೆಂದು ಬಹುಮಂದಿ ಭಾವಿಸುತ್ತಾರೆ. ಆದರೆ ಎಷ್ಟು ಒಳಗೆ ಬರಬೇಕೆಂಬುದನ್ನು ಮುಂಚಿತವಾಗಿ ನಿಶ್ಚಯಿಸಿಕೊಳ್ಳದವರ ಮನೆ ಎಷ್ಟು ಸಲ ಬರಿದು ಮಾಡಿದರೂ ಮತ್ತೆ ತುಂಬುತ್ತದೆ. ಮನೆಗೆ ಅನ್ವಯಿಸುವ ಈ ಮಾತು ದಿನದ ಹೊತ್ತಿಗೂ ತಿಂಗಳ ಸಂಬಳಕ್ಕೂ ಅಷ್ಟೇ ಅನ್ವಯಿಸುತ್ತದೆ. ತಮಿಳುನಾಡಿನ ಗಡಿಯಲ್ಲಿರುವ ನಮ್ಮ ತಾಳಮಲೆಯ ಸುತ್ತಿನ ಜನ ಈ ಅಳತೆಯನ್ನು ಬೇರೆ ಬೇರೆ ಬಗೆಯಲ್ಲಿ ಗುರುತಿಸಿಕೊಂಡಿದ್ದಾರೆ ಎಂಬುದನ್ನು ಓದಿಗೆಂದೋ ದುಡಿಮೆಗೆಂದೋ ಇಲ್ಲಿಂದ ದೂರ ಹೋದ ಕಿರಿಯರ ಗಮನಕ್ಕೆ ತರುವುದೇ ಊರ ಹಿರಿಯರ ಈ ಪತ್ರದ ಉದ್ದೇಶ.

ತಾಳಮಲೆಯ ಕಾಡುಗಳ ಮೂಲನಿವಾಸಿಗಳಾದ ಸೋಲಿಗರು ಕಾಡುಗೆಣಸು ಅಗೆಯುವಾಗ ಗೆಡ್ಡೆಯನ್ನೆಲ್ಲ ಕಿತ್ತುಕೊಳ್ಳದೆ, ಬಳ್ಳಿ ಮತ್ತೆ ಚಿಗುರಲೆಂದು ಅದರ ತಲೆಭಾಗವನ್ನು ಮಣ್ಣಿನಲ್ಲೇ ಉಳಿಸಿ ಬರುತ್ತಾರೆ. ಅಂದರೆ ತೆಗೆದುಕೊಳ್ಳುವ ಕೈಯೇ ಬಿಟ್ಟುಬರಬೇಕಾದುದನ್ನೂ ಲೆಕ್ಕಕ್ಕೆ ಹಿಡಿದಿರುತ್ತದೆ. ಈ ಸೀಮೆಯ ಲಿಂಗಾಯತ ಮನೆತನಗಳಿಗೆ ಪರಿಚಿತವಾದ 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಯ ಕಥೆ ಇದೇ ವಿಚಾರವನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಹೇಳುತ್ತದೆ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕವಾಗಿದ್ದು, ಕಾಯಕವೆಂದರೆ ದೇವರ ಕೆಲಸವೆಂದೇ ಬಗೆದು ನಿಷ್ಠೆಯಿಂದ ಮಾಡುವ ದುಡಿಮೆ. ಒಂದು ದಿನ ಆತ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಅಷ್ಟು ತಮಗೆ ಬೇಡವೆಂದು ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿಸಿದಳು. ಆ ದಂಪತಿ ಉಳಿದ ಅಕ್ಕಿಯಿಂದಲೇ ದಾಸೋಹವನ್ನೂ, ಅಂದರೆ ಗಳಿಸಿದ್ದನ್ನು ಹಂಚಿ ಉಣ್ಣುವ ಕ್ರಮವನ್ನೂ, ನಡೆಸುತ್ತಿದ್ದರೆಂಬುದನ್ನು ಇಲ್ಲಿ ಮರೆಯಬಾರದು. ಹೆಚ್ಚನ್ನು ನಿರಾಕರಿಸಿದವರ ಮನೆಯಲ್ಲಿ ಅತಿಥಿಗೆ ಕೊರತೆಯಾಗಲಿಲ್ಲ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳುವುದು ಅಗತ್ಯ. ಇಲ್ಲದಿರುವುದು ಬೇರೆ, ಬೇಡವೆನ್ನುವುದು ಬೇರೆ. ರಸ್ತೆಯಿಲ್ಲದ, ಆಸ್ಪತ್ರೆ ದೂರವಿರುವ ಹಾಡಿಯೊಂದರಲ್ಲಿ ಬದುಕುವ ಕುಟುಂಬದ ಬಡತನವನ್ನು ಸರಳತೆಯೆಂದು ಹೊಗಳುವುದು ಅನ್ಯಾಯವಾಗುತ್ತದೆ. ಈ ಪತ್ರ ಆಯ್ಕೆಯ ಅವಕಾಶವಿರುವವರಿಗೆ ಮಾತ್ರ, ಅಂದರೆ ತಿಂಗಳ ಸಂಬಳವೂ ಕೈಯಲ್ಲೊಂದು ಮೊಬೈಲೂ ಎರಡು ಮೂರು ಬಗೆಯ ಸಾಲದ ಕಂತುಗಳೂ ಇರುವ ಕಿರಿಯರಿಗೆ ಸಂಬಂಧಿಸಿದ್ದು.

ಕಂತಿನ ವಿಚಾರವನ್ನು ಊರಿನ ಬೇಸಾಯದ ಮೂಲಕ ನೋಡಿದರೆ ಅದರ ಸ್ವರೂಪ ಸ್ಪಷ್ಟವಾಗುತ್ತದೆ. ರಾಗಿಯ ಕಾಳು ಚಿಕ್ಕದೂ ಗಟ್ಟಿಯೂ ಆಗಿರುವುದರಿಂದ ಹುಳು ಹಿಡಿಯುವುದು ಕಡಿಮೆ. ಹಳೇ ಮೈಸೂರು ಸೀಮೆಯ ರೈತರು ಅದನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ದವಸದ ಕುಳಿಯಲ್ಲಿ, ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದರು. ಎಲೆಕೋಸು, ಟೊಮೆಟೊಗಳಂಥ ಬೆಳೆಗಳು ಹೆಚ್ಚು ಹಣ ತರಬಲ್ಲವಾದರೂ ಅವು ಬೋರ್‌ವೆಲ್ಲನ್ನೂ ಗೊಬ್ಬರವನ್ನೂ ಸಾಲವನ್ನೂ ಕೇಳುತ್ತವೆ, ಕೊಯ್ದ ದಿನವೇ ಲಾರಿ ಹೊರಡಬೇಕೆಂದು ಒತ್ತಾಯಿಸುತ್ತವೆ. ಹಣದ ಬೆಳೆ ತಪ್ಪೆಂದು ಇದರ ಅರ್ಥವಲ್ಲ. ಆದರೆ ಒಂದು ಗಳಿಕೆಯ ಜೊತೆಗೆ ಎಷ್ಟು ಅವಸರಗಳು ಮನೆಯೊಳಗೆ ಬರುತ್ತವೆಂಬುದನ್ನು ಗಳಿಕೆಯ ಪಕ್ಕದಲ್ಲೇ ಬರೆದುಕೊಳ್ಳದಿದ್ದರೆ ಲೆಕ್ಕ ಅರ್ಧ ಮಾತ್ರ ಆಗಿರುತ್ತದೆ. ನಗರದ ಕಿರಿಯರು ಕಾರಿನ ಸಾಲಕ್ಕೋ ಎರಡನೆಯ ಸೈಟಿಗೋ ಸಹಿ ಹಾಕುವಾಗ ಬಡ್ಡಿಯ ದರವನ್ನು ವಿಚಾರಿಸುತ್ತಾರೆ, ಆ ಕಂತು ತೀರಿಸಲು ಎಷ್ಟು ವರ್ಷಗಳ ಸಂಜೆಗಳನ್ನು ಹೆಚ್ಚುವರಿ ಕೆಲಸಕ್ಕೆ ಕೊಡಬೇಕಾಗುತ್ತದೆಂಬುದನ್ನು ವಿಚಾರಿಸುವುದಿಲ್ಲ.

ಆ ಲಾರಿಗಳು ಇಳಿಯುವ ದಾರಿಯೂ ಈ ವಿಚಾರಕ್ಕೆ ಸೇರಿದ್ದೇ. ಬಣ್ಣಾರಿಯಿಂದ 27 ಹೇರ್‌ಪಿನ್ ತಿರುವುಗಳನ್ನು ಹತ್ತಿ ದಿಂಬಂ ತಲುಪುವ ಘಾಟಿಯು 2013ರಲ್ಲಿ ಘೋಷಿತವಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹಾದುಹೋಗುತ್ತದೆ. ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದ ಕಾರಣ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ತರಕಾರಿ ಸಾಗಿಸುವ ರೈತರು ಇದನ್ನು ವಿರೋಧಿಸಿ ಬೀದಿಗಿಳಿದರು, ಅವರ ನಷ್ಟ ನಿಜವಾದದ್ದೇ ಆಗಿತ್ತು. ಆದರೂ ಆ ಕಟ್ಟಳೆಯ ಹಿಂದಿನ ವಿಚಾರವನ್ನು ಮನೆಗೆ ತಂದುಕೊಳ್ಳಬಹುದು. ಕಾಡಿಗೆ ರಾತ್ರಿಯನ್ನು ಬಿಟ್ಟುಕೊಡಬೇಕಾದರೆ ಪ್ರತಿ ಲಾರಿಯೊಂದಿಗೆ ಚರ್ಚಿಸಿ ಪ್ರಯೋಜನವಿಲ್ಲ, ಹೊತ್ತು ಗೊತ್ತುಮಾಡಿ ಗೇಟು ಹಾಕಬೇಕಾಗುತ್ತದೆ, ಆಂಬುಲೆನ್ಸಿನಂಥ ತುರ್ತಿಗೆ ಅದನ್ನು ತೆರೆಯಬೇಕಾಗುತ್ತದೆ. ಮೊಬೈಲಿಗೂ ಕಚೇರಿಯ ಸಂದೇಶಗಳಿಗೂ ಇಂಥದೇ ಒಂದು ಗೇಟು ಬೇಕು. ಬಂದ ಕರೆಯನ್ನೆಲ್ಲ ಆ ಹೊತ್ತಿನಲ್ಲಿ ತೂಗಿ ನೋಡುವೆನೆಂದುಕೊಂಡವರು ತೂಗುವುದರಲ್ಲೇ ದಣಿಯುತ್ತಾರೆ.

ಬೇಡವೆಂದದ್ದರಿಂದ ಒಬ್ಬ ಮನುಷ್ಯ ಎಷ್ಟು ಬೆಳೆಯಬಹುದೆಂಬುದಕ್ಕೆ ಇದೇ ಸೀಮೆಯ ತಾಳವಾಡಿಯ ಹತ್ತಿರದ ಗಾಜನೂರಿನಲ್ಲಿ 1929ರಲ್ಲಿ ಹುಟ್ಟಿದ ಮುತ್ತುರಾಜು, ಅಂದರೆ ಡಾ. ರಾಜ್‌ಕುಮಾರ್, ಅವರ ಜೀವನ ಸಾಕ್ಷಿ. 200ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಅವರು 1954ರ ‘ಬೇಡರ ಕಣ್ಣಪ್ಪ’ದ ತೆಲುಗು ಅವತರಣಿಕೆಯೊಂದನ್ನು ಬಿಟ್ಟರೆ ಕನ್ನಡದಲ್ಲೇ ಉಳಿದರು, ಕನ್ನಡಪರವಾದ 1982ರ ಗೋಕಾಕ್ ಚಳವಳಿಗೆ ಅವರು ಧುಮುಕಿದಾಗ ಇಡೀ ನಾಡು ಹಿಂದೆ ನಿಂತಿದ್ದರೂ ಚುನಾವಣೆಗೆ ನಿಲ್ಲಲಿಲ್ಲ. ಬೇರೆ ಭಾಷೆಗಳ ಮಾರುಕಟ್ಟೆಯೂ ಅಧಿಕಾರವೂ ಕೈಗೆಟಕುವಂತಿದ್ದಾಗ ಎರಡನ್ನೂ ಬಿಟ್ಟ ಕಾರಣದಿಂದಲೇ ನಟನೆಗೆ, ಹಾಡಿಗೆ, ಮತ್ತೆ ಮತ್ತೆ ಮರಳುತ್ತಿದ್ದ ಗಾಜನೂರಿನ ಮನೆಗೆ ಅವರಲ್ಲಿ ಜಾಗ ಉಳಿಯಿತೆಂದು ಭಾವಿಸಲು ಅಡ್ಡಿಯಿಲ್ಲ. ಬಿಳಿ ಪಂಚೆ, ಬಿಳಿ ಅಂಗಿಯ ಉಡುಪನ್ನಷ್ಟೇ ಕಂಡು ಅವರನ್ನು ಸರಳರೆನ್ನುವವರು ಈ ದೊಡ್ಡ ನಿರಾಕರಣೆಗಳನ್ನು ಗಮನಿಸುವುದಿಲ್ಲ.

ಹೀಗೆ ಉಳಿಸಿದ ಹೊತ್ತು ಯಾವುದಕ್ಕೆಂಬ ಪ್ರಶ್ನೆಗೆ ಗಡಿನಾಡಿನ ಮನೆಗಳಲ್ಲಿ ಉತ್ತರ ಕಣ್ಣೆದುರೇ ಇದೆ. ತಮಿಳುನಾಡಿನ 2006ರ ಶಾಸನದಂತೆ ಶಾಲೆಗಳಲ್ಲಿ ತಮಿಳು ಕಡ್ಡಾಯ ಪಾಠವಾಗಿದ್ದು, ಅದನ್ನು ಚೆನ್ನಾಗಿ ಕಲಿಯುವುದು ಮಕ್ಕಳಿಗೆ ಒಳಿತೇ. ಆದರೆ ತಿರುಪ್ಪೂರಿನಲ್ಲೋ ಕೊಯಮತ್ತೂರಿನಲ್ಲೋ ಬೆಳೆಯುವ ತಾಳಮಲೆಯ ಮಗುವಿಗೆ ಕನ್ನಡದ ಓದು ಬರಹ ದೊರೆಯಬೇಕಾದರೆ ಸಂಜೆ ಅರ್ಧ ಗಂಟೆ ತಾಯಿಯೋ ತಂದೆಯೋ ಪುಸ್ತಕ ಹಿಡಿದು ಪಕ್ಕದಲ್ಲಿ ಕೂರಬೇಕು, ಅದನ್ನು ಹಣ ಕೊಟ್ಟು ಬೇರೆಯವರಿಂದ ಮಾಡಿಸುವುದು ಬಹಳ ಕಷ್ಟ. ಊರಿನಲ್ಲಿ ಉಳಿದ ಅಜ್ಜಿ ತಾತಂದಿರ ಸಂಗತಿಯೂ ಹಾಗೆಯೇ. ತಿಂಗಳಿಗೊಮ್ಮೆ ಹಣ ಕಳುಹಿಸಿದ ಮಾತ್ರಕ್ಕೆ ಅವರ ಮಾತು ಕೇಳಿದಂತಾಗುವುದಿಲ್ಲ. ಆದ್ದರಿಂದ ವರ್ಷದ ರಜೆಗಳನ್ನು ಲೆಕ್ಕ ಹಾಕುವಾಗ ಊರಿನ ದಿನಗಳನ್ನು ಮೊದಲು ಗುರುತಿಟ್ಟು, ದೀಪಾವಳಿಯ ಬೆನ್ನಿಗೆ ಗುಮಟಾಪುರದಲ್ಲಿ ನಡೆಯುವ, ಸಗಣಿ ಎರಚಾಡುವ ಗೊರೆಹಬ್ಬಕ್ಕೆ ಮಕ್ಕಳನ್ನೂ ಕರೆತಂದು, ಬಂದ ಮೇಲೆ ಮರುದಿನವೇ ಹೊರಡುವ ಅವಸರ ಮಾಡದಿರಬೇಕೆಂಬುದು ಹಿರಿಯರ ಅಪೇಕ್ಷೆ.